ಮಿದುಳಿನ ಆ ಗಂಟು ಟಿಬಿ ಆಗಿರಲಿಲ್ಲ

ಐದು ವರ್ಷದ ಹುಡುಗ. ಫಿಟ್ಸ್ ನಿಲ್ಲುತ್ತಿಲ್ಲ ಅಂತ ಕರೆತಂದಿದ್ದರು. ಎಂಆರ್‌ಐನಲ್ಲಿ ಮಿದುಳಿನೊಳಗೆ ಉಂಗುರದ ಹಾಗೆ ಕಾಣುವ ಎರಡು ಗಂಟು. ನಮ್ಮ ಕಡೆ ಇಂಥದ್ದು ಕಂಡರೆ ಮೊದಲು ಟಿಬಿಯೇ ನೆನಪಾಗುತ್ತದೆ ಅಲ್ವಾ? ಬೇರೆ ಆಸ್ಪತ್ರೆಯಲ್ಲಿ ಆರು ವಾರದಿಂದ ಟಿಬಿ ಮಾತ್ರೆ, ಫಿಟ್ಸ್‌ಗೆ ಫೆನಿಟಾಯ್ನ್ ನಡೆದಿತ್ತು. ನಾನಾಗಿದ್ದರೂ ಅದನ್ನೇ ಕೊಡುತ್ತಿದ್ದೆ. ಆದರೆ ಗಂಟು ಬೆಳೆಯುತ್ತಲೇ ಇತ್ತು.

ಮಗುವನ್ನು ಮತ್ತೆ ಮೊದಲಿಂದ ನೋಡಿದೆ. ಎಡ ಕಂಕುಳಲ್ಲಿ ಹಳೇ ಗಾಯದ ಕಲೆ.

"ಇದೇನಮ್ಮ?"

"ಬಿಸಿಜಿ ಹಾಕಿಸಿದ ಮೇಲೆ ಗಡ್ಡೆ ಎದ್ದು ಕೀವಾಗಿತ್ತು ಸರ್. ಒಣಗೋಕೆ ಎಂಟು ತಿಂಗಳು ಹಿಡೀತು."

ಪಕ್ಕದಲ್ಲಿದ್ದ ಅಜ್ಜಿ ಮೆಲ್ಲಗೆ ಅಂದರು: "ನನ್ನ ಮಗನಿಗೂ ಮೈತುಂಬ ಕುರು ಏಳ್ತಿದ್ವು ಡಾಕ್ಟ್ರೇ. ನಾಲ್ಕು ವರ್ಷಕ್ಕೇ ಹೋಗ್ಬಿಟ್ಟ."

ಅಂದರೆ ಹುಡುಗನ ಸೋದರಮಾವ. ತಾಯಿಯಿಂದ ಗಂಡುಮಕ್ಕಳಿಗೆ ಇಳಿಯುವ ಸಿಜಿಡಿ (ಕ್ರಾನಿಕ್ ಗ್ರಾನುಲೊಮ್ಯಾಟಸ್ ಡಿಸೀಸ್, ಹುಟ್ಟಿನಿಂದಲೇ ಇರುವ ರೋಗನಿರೋಧಕ ಶಕ್ತಿಯ ದೋಷ) ಇರಬಹುದು ಅನ್ನಿಸಿತು. ಈ ಕಾಯಿಲೆಯಲ್ಲಿ ಬಿಳಿ ರಕ್ತಕಣ ರೋಗಾಣು, ಬೂಸ್ಟನ್ನು ನುಂಗುತ್ತದೆ, ಕೊಲ್ಲಲು ಬೇಕಾದ ರಾಸಾಯನಿಕ ಮಾತ್ರ ಅದರಲ್ಲಿ ತಯಾರಾಗುವುದಿಲ್ಲ. ಇದನ್ನು ಪತ್ತೆಹಚ್ಚುವುದು ಡಿಎಚ್‌ಆರ್ ಪರೀಕ್ಷೆ: ಆ ರಾಸಾಯನಿಕ ತಯಾರಿಸುವ ಕಣ ಅದರಲ್ಲಿ ಮಿನುಗುತ್ತದೆ. ಅದಕ್ಕೆ ತಾಜಾ ರಕ್ತ ಬೇಕು. ಹೋಲಿಕೆಗೆ ನಮ್ಮ ನರ್ಸ್ ಒಬ್ಬರ ರಕ್ತವನ್ನೂ ಸೇರಿಸಿ ಅದೇ ದಿನ ಕಳಿಸಿದೆ. ಹುಡುಗನ ಕಣಗಳು ಮಿನುಗಲೇ ಇಲ್ಲ. ತಾಯಿಯ ಗ್ರಾಫಿನಲ್ಲಿ ಎರಡು ಗುಡ್ಡ: ಅರ್ಧ ಕಣ ಸರಿ, ಅರ್ಧ ಇಲ್ಲ. ಅಂದರೆ ಆಕೆ ಈ ದೋಷದ ವಾಹಕಿ.

ನರಶಸ್ತ್ರಚಿಕಿತ್ಸಕರು ಸೂಜಿಯಲ್ಲಿ ಕೀವು ತೆಗೆದುಕೊಟ್ಟರು. ಟಿಬಿ ಸಿಗಲಿಲ್ಲ. ಕವಲೊಡೆದ ಬೂಸ್ಟಿನ ಎಳೆಗಳು ಕಂಡವು. ಬೆಳೆಸಿದಾಗ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಸ್ಟು. ಶ್ವಾಸಕೋಶದಲ್ಲೂ ಒಂದು ಮಚ್ಚೆ ಇತ್ತು, ಅಲ್ಲಿಂದಲೇ ಮಿದುಳಿಗೆ ಹೋಗಿರಬೇಕು.

ಮಿದುಳಿಗೆ ಚೆನ್ನಾಗಿ ತಲುಪುವ ಮದ್ದು ವೊರಿಕೊನಜೋಲ್. ಸುಮ್ನೆ ಶುರು ಮಾಡಿದ್ದರೆ ಎಲ್ಲ ನೀರುಪಾಲಾಗುತ್ತಿತ್ತು. ಟಿಬಿ ಮದ್ದಿನ ರಿಫಾಂಪಿಸಿನ್ ಇದ್ದರೆ ಲಿವರ್ ಅದನ್ನು ಬೇಗನೆ ಕರಗಿಸಿಬಿಡುತ್ತದೆ. ಫೆನಿಟಾಯ್ನ್ ಕೂಡ ಹಾಗೇ. ರಿಫಾಂಪಿಸಿನ್ ನಿಲ್ಲಿಸಿದರೂ ಅದರ ಪ್ರಭಾವ ಸುಮಾರು ಎರಡು ವಾರ ಉಳಿಯುತ್ತದೆ. ಹಾಗಾಗಿ ಎರಡನ್ನೂ ಬಿಡಿಸಿ, ಫಿಟ್ಸ್‌ಗೆ ಲೆವೆಟಿರಾಸಿಟಾಮ್ ಕೊಟ್ಟೆ. ಆ ಎರಡು ವಾರ ವೊರಿಕೊನಜೋಲ್ ಜೊತೆಗೆ ಲೈಪೋಸೋಮಲ್ ಆಂಫೊಟೆರಿಸಿನ್ ಎಂಬ ಇನ್ನೊಂದು ಬೂಸ್ಟುನಾಶಕ ಮದ್ದನ್ನೂ ಇಟ್ಟುಕೊಂಡೆ. ಅದು ಕಿಡ್ನಿಗೆ ಪೆಟ್ಟು ಕೊಡಬಹುದು ಅಂತ ಪೊಟ್ಯಾಶಿಯಂ, ಕ್ರಿಯಾಟಿನಿನ್ ನೋಡುತ್ತಾ. ರಕ್ತದಲ್ಲಿ ವೊರಿಕೊನಜೋಲ್ ಮಟ್ಟ ಮೊದಲ ಸಲ ಲೀಟರಿಗೆ 0.3 ಮಿ.ಗ್ರಾಂ ಬಂತು. ಕನಿಷ್ಠ 1 ಇರಬೇಕು. ಡೋಸ್ ಏರಿಸಿದೆ. ಮೂರನೇ ಸಲಕ್ಕೆ 2.1. ಅಂದು ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ.

ಮನೆ ಹಿಂದೆ ಮೇವಿನ ಬಣವೆ, ತಿಪ್ಪೆ. ಹುಡುಗ ಆಡುತ್ತಿದ್ದದ್ದು ಅಲ್ಲೇ. ಹಳೇ ಹುಲ್ಲಿನಲ್ಲಿ ಈ ಬೂಸ್ಟು ಜಾಸ್ತಿ. ಹೇಳಿದಾಗ ಅಪ್ಪ ಅತ್ತುಬಿಟ್ಟರು. "ನಿಮ್ಮ ತಪ್ಪಲ್ಲ ಕಣಪ್ಪ, ಬೇರೆ ಮಕ್ಕಳಿಗೆ ಅದರಿಂದ ಏನೂ ಆಗಲ್ಲ" ಅಂತ ಎಷ್ಟು ಸಲ ಹೇಳಿದೆನೋ.

ನಾಲ್ಕು ತಿಂಗಳಿಗೆ ಗಂಟು ಕಾಲುಭಾಗಕ್ಕೆ ಇಳಿದಿದೆ. ವೊರಿಕೊನಜೋಲ್, ಬ್ಯಾಕ್ಟೀರಿಯಾ ಸೋಂಕು ತಡೆಯಲು ಕೋಟ್ರೈಮಾಕ್ಸಜೋಲ್ ನಡೆಯುತ್ತಿವೆ. ಮುಂದೆ ಅಸ್ಥಿಮಜ್ಜೆ ಕಸಿ. ಅಕ್ಕನ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಅಂಗಾಂಶದ ಗುರುತು) ಹುಡುಗನದಕ್ಕೆ ಹೊಂದಿದೆ. ಅವಳೂ ತಾಯಿಯಂತೆ ವಾಹಕಿ ಆಗಿರಬಹುದೆಂದು ಡಿಎಚ್‌ಆರ್ ಮಾಡಿಸಿದೆ. ಗ್ರಾಫಿನಲ್ಲಿ ಒಂದೇ ಗುಡ್ಡ ಬಂತು, ಮಿನುಗುವ ಕಣಗಳದ್ದು.