ಭರತ-ಇಳಿತ ನೋಡಿಕೊಂಡು ಗೋಕರ್ಣದಿಂದ ಕುಮಟಾಕ್ಕೆ ಸೈಕಲ್

ಗೋಕರ್ಣದಿಂದ ಕುಮಟಾಕ್ಕೆ ಹೆದ್ದಾರಿ ಮುಟ್ಟದೆ, ದಂಡೆ ಮೇಲೆ ಸೈಕಲ್ ಹೊಡೆಯುತ್ತೇನೆ ಅಂದಾಗ ನಮ್ಮ ಶಿರಸಿ ಗೆಳೆಯರು ನಕ್ಕಿದ್ದರು. "ಹೊಯ್ಗೆಲಿ ಸೈಕಲ್ ಹೊತ್ಗಂಡೇ ಬರವು ನೀನು" ಅಂದಿದ್ದರು. ಹೊಯ್ಗೆ ಅಂದರೆ ಮರಳು. ಮೊದಮೊದಲು ಆದದ್ದೂ ಹಾಗೇ. ಭರತದ ಹೊತ್ತಿಗೆ ಸಿಗುವುದು ಮೇಲಿನ ಒಣ ಹೊಯ್ಗೆ ಮಾತ್ರ, ಚಕ್ರ ಅರ್ಧ ಹೂತು ಹೋಗುತ್ತದೆ. ದಪ್ಪ ಟೈರಿಗೆ ಸುಮಾರು ಮೂರು ಸಾವಿರ ಸುರಿದೆ. ಏನೂ ಉಪಯೋಗ ಆಗಲಿಲ್ಲ.

ಬೇಕಾದದ್ದು ಟೈರಲ್ಲ, ಪಂಚಾಂಗ. ಗಟ್ಟಿ ಒದ್ದೆ ಹೊಯ್ಗೆ ಸಿಗುವುದು ಇಳಿತದಲ್ಲಿ, ಇಳಿತದ ಹೊತ್ತು ತಿಥಿ ನೋಡಿದರೆ ತಿಳಿಯುತ್ತದೆ. ಇಳಿತ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ಮಧ್ಯಾಹ್ನದ ಮೇಲೆ ಇಳಿತ ಸಿಗುವ ತಿಥಿ ಹಿಡಿದರೆ ವಾಯವ್ಯದ ಗಾಳಿ ಬೆನ್ನಿಗೇ ಬರುತ್ತದೆ. ಅದಕ್ಕೇ ಉತ್ತರದಿಂದ ದಕ್ಷಿಣಕ್ಕೆ ಹೋಗಬೇಕು. ಯಾವ ತಿಥಿಗೆ ಎಷ್ಟು ಗಂಟೆ ಅನ್ನುವ ನನ್ನ ಲೆಕ್ಕ ಮಾತ್ರ ಇಲ್ಲಿ ಬರೆಯುವುದಿಲ್ಲ. ದಾರಿಯಲ್ಲಿ ಸಿಗುವ ತದಡಿಯಲ್ಲಿ ಒಬ್ಬ ಮೀನುಗಾರ ಅಣ್ಣ ಹೇಳಿಕೊಟ್ಟದ್ದು, ನೀವೂ ಹೋಗಿ ಕೇಳಿ.

ತದಡಿಯಲ್ಲಿ ಹೊಳೆ ದಾಟಿಸುವ ಬಾರ್ಜ್ ಹತ್ತಿದರೆ ಆಚೆ ದಡವೇ ಅಘನಾಶಿನಿ ಊರು, ಹೊಳೆಯ ಹೆಸರೂ ಅದೇ. ನನಗೂ ಸೈಕಲ್‌ಗೂ ಸೇರಿ ಇಪ್ಪತ್ತೋ ಮೂವತ್ತೋ ರೂಪಾಯಿ ಕೊಟ್ಟ ನೆನಪು. ಅಣೆಕಟ್ಟಿಲ್ಲದ ಹೊಳೆ ಇದು, 2024ರಲ್ಲಿ ಇದು ಸಮುದ್ರ ಸೇರುವ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ, ಜಾಗ ಸಿಕ್ಕಿದೆ. ಇಳಿತದಲ್ಲಿ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಳಚು (ತಿನ್ನುವ ಚಿಪ್ಪಿ) ಆರಿಸುತ್ತಿರುತ್ತಾರೆ. ಅವರು ಇಳಿದಿದ್ದಾರೆ ಅಂದರೆ ದಂಡೆಯೂ ಗಟ್ಟಿಯಾಗಿದೆ ಅಂತಲೇ ಲೆಕ್ಕ. ಅಲ್ಲಿಂದ ಬಾಡದವರೆಗೆ ಊರ ರಸ್ತೆ, ಏರು ಇದೆ. ಬಾಡದಿಂದ ಹೊಲನಗದ್ದೆ ಕಡೆಗೆ ಒದ್ದೆ ಹೊಯ್ಗೆ, ಸಿಮೆಂಟ್ ನೆಲದ ಹಾಗೆ! ಟೈರಿನ ಗಾಳಿ ಸ್ವಲ್ಪ ಇಳಿಸಿಕೊಳ್ಳಿ, ಅಷ್ಟೇ.

ಹೆದ್ದಾರಿಯಲ್ಲಿ ಮೂವತ್ತು ಕಿಲೋಮೀಟರ್ ಮೇಲೆ, ನನ್ನ ದಾರಿ ಇಪ್ಪತ್ತರ ಒಳಗೆ. ಊಟ, ಚಹಾ ಸೇರಿ ಖರ್ಚು ಇನ್ನೂರು ದಾಟಲಿಲ್ಲ. ಗೋಕರ್ಣದಲ್ಲಿ ಸ್ಕೂಟರ್ ಬಾಡಿಗೆಗೆ ತಗೊಂಡರೆ ದಿನಕ್ಕೆ ಐನೂರರ ಹತ್ತಿರ ಹೋಗುತ್ತದೆ, ಪೆಟ್ರೋಲ್ ಬೇರೆ.

ಇದೇ ಹುರುಪಿನಲ್ಲಿ ಹೊನ್ನಾವರದ ಹತ್ತಿರದ ಕಾಸರಕೋಡಿನಿಂದ ಅಪ್ಸರಕೊಂಡದ ಕಡೆಗೂ ದಂಡೆಯಲ್ಲೇ ಹೊಡೆದೆ. ಸವಾರಿ ಚೆನ್ನಾಗಿತ್ತು, ಆದರೆ ಉಪ್ಪು ಚೈನನ್ನು ತಿಂದು ಹಾಕಿತು. ಹೊಸ ಚೈನಿಗೆ ನಾನೂರು. ಈಗ ಅದಕ್ಕೆ ಒಂದು ಎಣ್ಣೆ ಹಚ್ಚುತ್ತೇನೆ, ಅಂಗಡಿಯದ್ದಲ್ಲ. ಯಾವುದು ಅಂತ ಕೇಳಬೇಡಿ.

ಮುಂದಿನ ಸಲ ಗೋಕರ್ಣದ ಉತ್ತರಕ್ಕಿರುವ ಗಂಗಾವಳಿ ಕಡೆಯಿಂದ ಶುರು ಮಾಡುವ ಯೋಚನೆ ಇದೆ. ನಕ್ಕವರಲ್ಲಿ ಇಬ್ಬರು ಬರುತ್ತಾರಂತೆ, ಬಾರ್ಜಿನ ದುಡ್ಡು ಅವರದ್ದೇ.