ಜಿಮ್ ಮುಚ್ಚುವ ಹಾಗಿದೆಯಾ? ಮೊದಲು ಆಟೋಪೇ ನಿಲ್ಲಿಸಿ

ಮಂಗಳೂರಿನ ಈ ಸೆಕೆಯಲ್ಲಿ ಎಸಿ ಕೆಟ್ಟು ತಿಂಗಳಾದರೂ ರಿಪೇರಿ ಇಲ್ಲ, ಟ್ರೇನರ್‌ಗಳಿಗೆ ಸಂಬಳವೂ ಆಗಿಲ್ಲ ಅಂದರೆ ಕಾಯಬೇಡಿ. ಯುಪಿಐ ಆಪ್‌ನಲ್ಲಿ ಆಟೋಪೇ, ಅಂದರೆ ಫೀ ತಾನಾಗಿಯೇ ಕಡಿತವಾಗುವ ವ್ಯವಸ್ಥೆ, ಇವತ್ತೇ ರದ್ದು ಮಾಡಿ. ಜಿಮ್ ಫೀಗೆ ಸಾಲ ಮಾಡಿದ್ದು, ಕಡಿತವಾಗುವುದು ಅದರ ಇಎಂಐ ಆಗಿದ್ದರೆ ಮಾತ್ರ ಸುಮ್ನೆ ನಿಲ್ಲಿಸಬೇಡಿ, ಸಾಲ ಕೊಟ್ಟವರಿಗೆ ಮೊದಲು ಬರೆದು ತಿಳಿಸಿ.

ಆಮೇಲೆ ಒಪ್ಪಂದದಲ್ಲಿ ರದ್ದತಿಯ ಷರತ್ತು ಓದಿ, ಯಾವ ಸೌಲಭ್ಯ ಯಾವತ್ತಿನಿಂದ ನಿಂತಿದೆ, ಎಷ್ಟು ತಿಂಗಳ ಹಣ ವಾಪಸ್ ಬೇಕು ಅಂತ ಇಮೇಲ್ ಮಾಡಿ, ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಕೌಂಟರ್‌ನಲ್ಲಿ ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ಅಲ್ವಾ?

ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 2 ವರ್ಷದೊಳಗೆ ದೂರು ಕೊಡಬೇಕು.