ಘಾಟಿ ಇಳಿದ ಮೇಲೆ ಕಿರುಗುಟ್ಟಿದ ಬ್ರೇಕು

ಸಿಂಹಗಡದ ಘಾಟಿಯನ್ನು ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಇಳಿದಿದ್ದೆ. ಪುಣೆಗೆ ಮರಳಿದ ಮೇಲೆ ಬೈಕಿನ ಮುಂದಿನ ಡಿಸ್ಕ್ ಕಿರುಗುಟ್ಟತೊಡಗಿತು, ಹಿಡಿತವೂ ಸಡಿಲ. ಧಾರವಾಡ ಕಡೆಯ ಗ್ಯಾರೇಜಿನ ಅಣ್ಣ ಡಿಸ್ಕನ್ನು ಒತ್ತಿಹಿಡಿಯುವ ಬ್ರೇಕ್ ಪ್ಯಾಡ್ ಬಿಚ್ಚಿ ಕೈಗಿಟ್ಟ: "ನೋಡು ತಮ್ಮಾ, ಗಾಜಿನಂಗ ಹೊಳೀತೈತಿ." ನಿಜ, ಉಗುರು ಜಾರುತ್ತಿತ್ತು. ಪ್ಯಾಡಿನ ನಾರು, ಲೋಹದ ಪುಡಿ, ಗ್ರಾಫೈಟನ್ನೆಲ್ಲ ಕಟ್ಟಿಹಿಡಿಯುವುದು ಫೀನಾಲಿಕ್ ರಾಳ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕೆಡತೊಡಗಿ ಮೇಲ್ಮೈ ನುಣ್ಣಗಾಗುತ್ತದೆ.

ದಪ್ಪ ಸಾಕಷ್ಟಿತ್ತು, ಬಿರುಕಿರಲಿಲ್ಲ. ಮಾಸ್ಕ್ ಹಾಕಿಕೊಂಡು, 120 ನಂಬರಿನ ಪಾಲಿಶ್ ಪೇಪರನ್ನು ಗಾಜಿನ ಮೇಲೆ ಹಾಸಿ, ಹೊಳಪು ಹೋಗುವವರೆಗೆ ಪ್ಯಾಡ್ ಉಜ್ಜಿದೆ. ದೂಳನ್ನು ಮಾತ್ರ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಡಿಸ್ಕನ್ನೂ ಬ್ರೇಕ್ ಕ್ಲೀನರ್ ಹಾಕಿ ಒರೆಸಿದೆ. ಖಾಲಿ ರಸ್ತೆಯಲ್ಲಿ 40ರ ವೇಗದಿಂದ 20 ಸಲ ಮೆಲ್ಲಗೆ ಬ್ರೇಕ್ ಒತ್ತಿ, ನಡುನಡುವೆ ಆರಲು ಬಿಟ್ಟೆ. ಸದ್ದು ಹೋಯಿತು. ಈಗ ಘಾಟಿಯಲ್ಲಿ ಎಂಜಿನ್ನೇ ವೇಗ ತಡೆಯಲೆಂದು ಎರಡನೇ ಗೇರಿನಲ್ಲೇ ಇಳಿಯುತ್ತೇನೆ.